ಥೆಸಲೋನಿಕಿಯಲ್ಲಿ ಒಬ್ಬರಿಗೆ ಊಟ

ಮನೆಯವರಲ್ಲಿ ಯಾರಾದರೂ ದೂರದೇಶಕ್ಕೆ ಒಬ್ಬರೇ ಹೊರಟು ನಿಂತರೆ ಹಿರಿಯರ ಬಾಯಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ‘ಜೊತೆಗೆ ಯಾರು?’ ಎಂಬುದು ಮೊದಲನೆಯದು, ‘ಊಟಕ್ಕೇನು ಗತಿ?’ ಎಂಬುದು ಎರಡನೆಯದು. ಪಾಸ್‌ಪೋರ್ಟು, ವೀಸಾ, ಹಣದ ವಿನಿಮಯ ಇವೆಲ್ಲ ಆಮೇಲಿನ ಮಾತು. ಹೀಗೆ ಕೇಳುವವರು ಲೋಕ ತಿಳಿಯದೆ ಕೇಳುತ್ತಾರೆಂದು ಭಾವಿಸಬೇಕಾಗಿಲ್ಲ. ಎದುರಿಗೆ ಕುಳಿತು ‘ಇನ್ನಷ್ಟು ಬಡಿಸಲೇ?’ ಎನ್ನುವವರಿಲ್ಲದ ಊಟದಿಂದ ಹೊಟ್ಟೆ ತುಂಬೀತೇ ಹೊರತು ಮನಸ್ಸು ತುಂಬದೆಂಬುದು ಅವರು ಬಾಳಿ ಕಂಡ ಸಂಗತಿ. ಒಂಟಿ ಯಾತ್ರಿಕರಿಗೆ ಕೋಟೆಯ ಮುಂದಾಗಲಿ, ವಸ್ತುಸಂಗ್ರಹಾಲಯದಲ್ಲಾಗಲಿ ಒಂಟಿತನ ಅಷ್ಟಾಗಿ ಕಾಡುವುದಿಲ್ಲ. ಅದು ಕಾಡುವುದು ಊಟದ ಮೇಜಿನ ಮುಂದೆ.

ಈ ವಾರ ವಾಚಕರು ಕಾಣಲಿರುವ ಊರು ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಕೊಡುವಂಥದು. ಅದು ಉತ್ತರ ಗ್ರೀಸಿನ ಬಂದರು ನಗರ ಥೆಸಲೋನಿಕಿ. ಆ ದೇಶದಲ್ಲಿ ಅಥೆನ್ಸಿನ ಬಳಿಕ ಎರಡನೆಯ ದೊಡ್ಡ ಪಟ್ಟಣ. ಕ್ರಿ.ಪೂ. 315ರಲ್ಲಿ ಮ್ಯಾಸಿಡೋನಿಯದ ಅರಸ ಕಸಾಂಡರನು ಇದನ್ನು ಕಟ್ಟಿಸಿ, ತನ್ನ ಹೆಂಡತಿಯ ಹೆಸರನ್ನಿಟ್ಟನು. ಆಕೆ ಅಲೆಕ್ಸಾಂಡರನ ಮಲತಂಗಿ. ಅಂದಿನಿಂದ ಇಂದಿನವರೆಗೆ ಈ ಊರಿನಲ್ಲಿ ಒಲೆ ಆರಿದ್ದಿಲ್ಲ. ರೋಮನರು, ಬೈಜಾಂಟಿಯಮ್ಮಿನವರು, ತುರ್ಕರು ಆಳಿ ಹೋದರು. ಅದರ ಹದಿನೈದು ಪ್ರಾಚೀನ ಸ್ಮಾರಕಗಳನ್ನು 1988ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2021ರಲ್ಲಿ ಅದೇ ಸಂಸ್ಥೆ ಈ ಊರಿನ ಅಡಿಗೆಯನ್ನೂ ಗೌರವಿಸಿ, ಪಾಕಕಲೆಯ ನಗರಗಳ ಸಾಲಿಗೆ ಸೇರಿಸಿತು. ಗ್ರೀಸಿನಲ್ಲಿ ಈ ಮನ್ನಣೆ ಮೊದಲು ದೊರೆತದ್ದು ಇದಕ್ಕೇ.

ಅಲ್ಲಿ ಭೋಜನಾಲಯದ ಬಾಗಿಲಲ್ಲಿ ಮಾಣಿ ಕೇಳುವ ಮೊದಲ ಮಾತು ‘ಎಷ್ಟು ಜನ?’ ಎಂಬುದು. ಒಬ್ಬರೇ ಆಗಿದ್ದರೆ ‘ಎನಾ ಆತೊಮೊ’ ಎನ್ನಬೇಕು. ಆತೊಮೊ ಎಂದರೆ ಒಬ್ಬ ವ್ಯಕ್ತಿ. ವಿಜ್ಞಾನಿಗಳ ಪರಮಾಣುವಿಗೂ ಗ್ರೀಕರ ಭಾಷೆಯಲ್ಲಿ ಅದೇ ಹೆಸರು. ಇನ್ನು ಒಡೆಯಲಾಗದ್ದು ಎಂದು ಅದರ ಮೂಲಾರ್ಥ. ಆದರೆ ಆ ಜನ ಪರಮಾಣುಗಳಂತೆ ಬಿಡಿಬಿಡಿಯಾಗಿ ಉಣ್ಣುವವರಲ್ಲ. ‘ಪರೇಯ’ ಎಂಬುದು ಅವರ ಇನ್ನೊಂದು ಮಾತು. ಕೂಡಿ ಕುಳಿತು ಉಣ್ಣುವ, ಹರಟುವ ಗೆಳೆಯರ ಗುಂಪಿಗೆ ಆ ಹೆಸರು. ಸಣ್ಣ ಸಣ್ಣ ತಟ್ಟೆಗಳಲ್ಲಿ ಹತ್ತು ಬಗೆ ತರಿಸಿ, ನಡುವೆ ಇಟ್ಟು, ಎಲ್ಲರೂ ಕೈಹಾಕುವುದು ಅಲ್ಲಿಯ ರೂಢಿ. ಈ ತಟ್ಟೆಗಳಿಗೆ ‘ಮೆಜೆ’ ಎನ್ನುತ್ತಾರೆ. ಇಂಥ ಊರಿನಲ್ಲಿ ಎದುರಿನ ಕುರ್ಚಿ ಖಾಲಿಯಾಗಿದ್ದರೆ ಮೊದಲ ದಿನ ಯಾರಿಗಾದರೂ ಸ್ವಲ್ಪ ಕಸಿವಿಸಿಯಾಗುವುದು ಸಹಜ.

ಹಾಗಾದವರು ಮೊದಲ ದಿನ ಕುರ್ಚಿಯ ಗೊಡವೆಗೇ ಹೋಗದೆ ಬೀದಿಯಲ್ಲಿ ನಿಂತು ತಿನ್ನುವುದು ಲೇಸು. ಬೆಳಗಾದರೆ ಮೂಲೆಮೂಲೆಯಲ್ಲೂ ‘ಕುಲೂರಿ’ ಮಾರುವವರ ಗಾಡಿಗಳು ನಿಲ್ಲುತ್ತವೆ. ಬಳೆಯಂತೆ ದುಂಡಗಿರುವ ರೊಟ್ಟಿ, ಅದರ ಮೈತುಂಬ ಎಳ್ಳು. ಕಚೇರಿಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಅದನ್ನು ನಡೆಯುತ್ತಲೇ ತಿನ್ನುತ್ತಾರೆ. ಒಬ್ಬರೇ ತಿಂದರೂ ಯಾರೂ ತಿರುಗಿ ನೋಡುವುದಿಲ್ಲ.

ಇನ್ನೊಂದು ಉಪಾಹಾರ ‘ಬುಗಾತ್ಸಾ’. ಚಿರೋಟಿಯ ಪದರಗಳನ್ನು ನೆನಪಿಗೆ ತರುವಷ್ಟು ತೆಳ್ಳಗೆ ಹಿಟ್ಟನ್ನು ಎಳೆದು, ಒಳಗೆ ರವೆ ಹಾಲುಗಳ ಕೆನೆಯನ್ನೋ, ಗಿಣ್ಣನ್ನೋ, ಪಾಲಕ್ ಸೊಪ್ಪನ್ನೋ ತುಂಬಿ, ಬೇಯಿಸಿ, ಚಕಚಕನೆ ತುಂಡರಿಸಿ ಕೊಡುತ್ತಾರೆ. ಸಿಹಿಯಾದುದಕ್ಕೆ ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿ ಪುಡಿ ಉದುರಿಸುವುದುಂಟು. ಮಾಂಸ ತುಂಬಿದ ಬಗೆಯೂ ಇರುವುದರಿಂದ ಸಸ್ಯಾಹಾರಿಗಳು ಕೇಳಿಯೇ ಕೊಳ್ಳತಕ್ಕದ್ದು.

ಈ ಬುಗಾತ್ಸಾ ಇಲ್ಲಿ ಮನೆಮಾತಾದುದರ ಹಿಂದೆ ಒಂದು ದೊಡ್ಡ ದುಃಖದ ಕಥೆಯಿದೆ. 1922ರಲ್ಲಿ ಗ್ರೀಸಿಗೂ ತುರ್ಕಿಗೂ ನಡೆದ ಯುದ್ಧ ಗ್ರೀಕರ ಸೋಲಿನಲ್ಲಿ ಮುಗಿಯಿತು. ಮರುವರ್ಷ ಲೊಸಾನ್ ನಗರದಲ್ಲಿ ಎರಡೂ ಸರಕಾರಗಳು ಕುಳಿತು ಜನರನ್ನೇ ವಿನಿಮಯ ಮಾಡಿಕೊಂಡವು. ತುರ್ಕಿಯ ನೆಲದಿಂದ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದು ಬಿದ್ದರು, ಗ್ರೀಸಿನಿಂದ 3.5 ಲಕ್ಷದಷ್ಟು ಮುಸಲ್ಮಾನರು ತುರ್ಕಿಗೆ ಹೊರಟರು. ವಿನಿಮಯಕ್ಕೆ ಧರ್ಮವೊಂದೇ ಅಳತೆಗೋಲು. ಆಡುವ ಮಾತನ್ನು ಯಾರೂ ಕೇಳಲಿಲ್ಲ. ತುರ್ಕಿ ಮಾತ್ರ ಬಲ್ಲ ಕ್ರೈಸ್ತರು ಗ್ರೀಕರಾದರು. ಗ್ರೀಕ್ ಮಾತನಾಡುವ ಮುಸಲ್ಮಾನರು ತುರ್ಕರಾದರು. ಬಂದವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಹಿಟ್ಟು ಎಳೆಯುವ ಹದ, ಮಸಾಲೆಯ ಅಳತೆ, ಸಿಹಿಯ ಪಾಕ ಇವನ್ನು ಯಾವ ಗಡಿಯ ಕಾವಲುಗಾರನೂ ಕಸಿದುಕೊಳ್ಳಲಾರನು. ಸ್ಮರ್ನಾ, ಕಾನ್‌ಸ್ಟಾಂಟಿನೋಪಲ್ ಮೊದಲಾದ ಊರುಗಳ ಅಡಿಗೆ ಹೀಗೆ ಥೆಸಲೋನಿಕಿಯ ಬೀದಿಗೆ ಇಳಿಯಿತು. ಬೆಳಗಿನ ಬುಗಾತ್ಸಾವನ್ನು ಒಬ್ಬರೇ ತಿನ್ನುವವರು ನಿಜವಾಗಿ ಆ ನಿರಾಶ್ರಿತರ ಪಂಕ್ತಿಯಲ್ಲಿ ಕುಳಿತಿರುತ್ತಾರೆ.

ಹೊರಟುಹೋದವರ ನೆನಪೂ ಊರಿನಲ್ಲಿ ಉಳಿದಿದೆ. ಆಧುನಿಕ ತುರ್ಕಿಯ ನಿರ್ಮಾತೃ ಮುಸ್ತಫಾ ಕೆಮಾಲ್ ಅಟಾಟುರ್ಕ್ ಹುಟ್ಟಿದ್ದು 1881ರಲ್ಲಿ, ಇದೇ ಊರಿನಲ್ಲಿ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಂಗಳದಲ್ಲಿ ಒಂದು ದಾಳಿಂಬೆಯ ಮರವಿದ್ದು, ಅದನ್ನು ನೆಟ್ಟವರು ಅವರ ತಂದೆಯೆಂದು ಹೇಳುತ್ತಾರೆ.

ಬೆಳಗಿನ ಹೊಟ್ಟೆಪಾಡು ಮುಗಿದ ಮೇಲೆ ಪೇಟೆಗೆ ಹೋಗುವುದು ಕ್ರಮ. ಕಪಾನಿ ಎಂಬುದು ಹಳೆಯ ಸಂತೆ. ಆಲಿವ್ ಕಾಯಿಯ ರಾಶಿಗಳು, ಒಣಮೆಣಸಿನಕಾಯಿ, ಬಗೆಬಗೆಯ ಕಾಳುಗಳು, ಮೀನು, ಮಾಂಸ ಎಲ್ಲವೂ ಒತ್ತೊತ್ತಾಗಿ ಕೂಡಿರುವ ಓಣಿಗಳು. ಗಿರಾಕಿಗಳನ್ನು ಕೂಗಿ ಕರೆಯುವ ಭರಾಟೆ. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಓಡಾಡಿದವರಿಗೆ ಇಲ್ಲಿ ದಾರಿ ತಪ್ಪಿದರೂ ಹೆದರಿಕೆಯಾಗದು. ಸಮೀಪದಲ್ಲಿಯೇ ಮೋದಿಯಾನೊ ಮಾರುಕಟ್ಟೆಯಿದೆ. ಗಾಜಿನ ಮಾಡಿನ ಈ ಕಟ್ಟಡವನ್ನು 1920ರ ದಶಕದಲ್ಲಿ ಎಲಿ ಮೋದಿಯಾನೊ ಎಂಬ ವಾಸ್ತುಶಿಲ್ಪಿ ರಚಿಸಿದನು. ದುರಸ್ತಿಯಾಗಿ ಅದು ಮತ್ತೆ ತೆರೆದದ್ದು 2022ರ ಡಿಸೆಂಬರಿನಲ್ಲಿ.

ಆ ಕಟ್ಟಡಕ್ಕೆ ಜಾಗ ಒದಗಿಸಿದ್ದು ಒಂದು ಬೆಂಕಿ. 1917ರ ಆಗಸ್ಟ್ 18ರಂದು, ಮೇಲಿನ ಕೇರಿಯ ಒಂದು ಬಡ ಮನೆಯ ಒಲೆಯಿಂದ ಹಾರಿದ ಕಿಡಿ ಹುಲ್ಲಿನ ರಾಶಿಗೆ ತಗುಲಿತು. ನೀರಿಗೆ ಅಭಾವ, ಮೇಲೆ ಬೀಸುಗಾಳಿ. ಬೆಂಕಿ ಕಡಲಿನವರೆಗೂ ಇಳಿದು 9,500ರಷ್ಟು ಮನೆಗಳನ್ನು ನುಂಗಿತು. 70,000ಕ್ಕೂ ಹೆಚ್ಚು ಜನ ಬೀದಿಪಾಲಾದರು. ಫ್ರಾನ್ಸಿನ ವಾಸ್ತುಶಿಲ್ಪಿ ಎರ್ನೆಸ್ಟ್ ಎಬ್ರಾರ್ ಊರಿನ ಹೊಸ ನಕ್ಷೆ ಬರೆದನು. ಕಡಲಿಗೆ ಮುಖ ಮಾಡಿದ ವಿಶಾಲವಾದ ಅರಿಸ್ಟಾಟಲ್ ಚೌಕ ಆ ನಕ್ಷೆಯ ಫಲ. ಬೆಂಕಿಗೆ ಸಿಕ್ಕದೆ ಉಳಿದ ಭಾಗಗಳಲ್ಲಿ ಮುಖ್ಯವಾದುವು ಎರಡು: ಒಂದು ಗುಡ್ಡದ ಮೇಲಿನ ಆನೊ ಪೋಲಿ, ಎಂದರೆ ಮೇಲೂರು, ಇನ್ನೊಂದು ಬಂದರಿನ ಮಗ್ಗುಲ ಲದಾದಿಕ. ‘ಲಾದಿ’ ಎಂದರೆ ಗ್ರೀಕರಲ್ಲಿ ಎಣ್ಣೆ. ಆಲಿವ್ ಎಣ್ಣೆಯ ಮಂಡಿಗಳಿದ್ದ ಬೀದಿಗಳಾದ್ದರಿಂದ ಅವಕ್ಕೆ ಆ ಹೆಸರು ಬಂದಿತು. ಇಂದು ಆ ಮಂಡಿಗಳೆಲ್ಲ ಭೋಜನಾಲಯಗಳಾಗಿವೆ.

ಈಗ ಎರಡನೆಯ ಪ್ರಶ್ನೆಯ ವಿಚಾರ. ಗ್ರೀಸ್ ಮಾಂಸಾಹಾರಿಗಳ ದೇಶವೆಂಬುದು ನಿಜ. ಕಡಲ ಸರಕಿನಲ್ಲಂತೂ ಈ ಊರು ಹೆಸರುವಾಸಿ. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪುಜೀವಿಯ ಜಾತಿಯನ್ನು ಇಲ್ಲಿಯ ಕೊಲ್ಲಿಯಲ್ಲಿ ಹೇರಳವಾಗಿ ಸಾಕುತ್ತಾರೆ. ಅದನ್ನು ಅನ್ನದೊಡನೆ ಬೇಯಿಸಿದ ಪಲಾವಿಗೆ ಬಲು ಗಿರಾಕಿ. ಆದರೂ ಸಸ್ಯಾಹಾರಿಗಳು ಉಪವಾಸ ಬೀಳಬೇಕಾದ ಭಯವಿಲ್ಲ. ಅವರನ್ನು ಕಾಯುವುದು ಅಲ್ಲಿಯ ಉಪವಾಸವೇ! ಗ್ರೀಕ್ ಸಂಪ್ರದಾಯದ ಕ್ರೈಸ್ತರಿಗೆ ವರ್ಷದಲ್ಲಿ ವ್ರತದ ದಿನಗಳು ಅನೇಕ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮೂರೂ ನಿಷಿದ್ಧ. ಆ ಪಥ್ಯದ ಅಡಿಗೆಗೆ ‘ನಿಸ್ತೀಸಿಮೊ’ ಎಂದು ಹೆಸರು. ಈ ಒಂದು ಪದ ಬಾಯಲ್ಲಿದ್ದರೆ ಬೇಕಾದಷ್ಟಾಯಿತು. ಏಡಿ, ಸೀಗಡಿ, ಚಿಪ್ಪುಗಳಿಗೆ ಮಾತ್ರ ಆ ವ್ರತದಲ್ಲಿ ವಿನಾಯಿತಿಯಿರುವುದರಿಂದ ‘ಕಡಲಿನದು ಬೇಡ’ ಎಂದು ಸೇರಿಸಿ ಹೇಳುವುದನ್ನು ಮರೆಯಬಾರದು.

‘ಲದೆರಾ’ ಎಂಬ ಇನ್ನೊಂದು ಬಗೆಯುಂಟು. ಎಣ್ಣೆಯವು ಎಂದೇ ಅದರ ಅರ್ಥ. ಬೆಂಡೆ, ಹುರುಳಿಕಾಯಿ, ಬದನೆ ಮೊದಲಾದ ತರಕಾರಿಗಳನ್ನು ಧಾರಾಳವಾಗಿ ಆಲಿವ್ ಎಣ್ಣೆ ಹಾಕಿ, ಟೊಮ್ಯಾಟೊ ಈರುಳ್ಳಿಗಳೊಡನೆ ನಿಧಾನವಾಗಿ ಬೇಯಿಸಿರುತ್ತಾರೆ. ಎಣ್ಣೆಗಾಯಿ ಉಂಡು ಬೆಳೆದ ನಾಲಗೆಗೆ ಇದು ದೂರದ ನೆಂಟ. ಖಾರ ಮಾತ್ರ ಇಲ್ಲ. ‘ಫಾವ’ ಎಂಬುದು ಹಳದಿ ಬೇಳೆಯ ಗಟ್ಟಿ ತೊವ್ವೆ. ಇನ್ನು ವ್ರತದ ಸಿಹಿಯಾದ ರವೆಯ ಹಲ್ವವನ್ನಂತೂ ಯಾರೂ ಪರಿಚಯಿಸಬೇಕಾಗಿಲ್ಲ. ಒಂದು ಪಾಲು ಎಣ್ಣೆ, ಎರಡು ಪಾಲು ರವೆ, ಮೂರು ಪಾಲು ಸಕ್ಕರೆ, ನಾಲ್ಕು ಪಾಲು ನೀರು ಎಂದು ಅಲ್ಲಿಯ ಗೃಹಿಣಿಯರು ಅದರ ಅಳತೆಯನ್ನು ಬಾಯಿಪಾಠ ಮಾಡಿರುತ್ತಾರೆ. ನಮ್ಮ ಸಜ್ಜಿಗೆಯೇ ತುಪ್ಪವನ್ನು ಮನೆಯಲ್ಲಿ ಬಿಟ್ಟು ಯಾತ್ರೆ ಹೊರಟಂತಿದೆ.

ಒಂಟಿಯಾಗಿ ಉಣ್ಣುವವರಿಗೆ ಅಲ್ಲಿಯ ಖಾನಾವಳಿ ಅತ್ಯಂತ ಅನುಕೂಲ. ‘ಮಯಿರಿಯೊ’ ಎಂದು ಅದರ ಹೆಸರು. ಅಂದಂದಿನ ಅಡಿಗೆಯನ್ನು ಪಾತ್ರೆಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಭಾಷೆ ಬಾರದವರು ಬೆರಳು ತೋರಿಸಿದರೆ ಸಾಕು. ದೊಡ್ಡ ಭೋಜನಾಲಯಗಳಲ್ಲಿಯೂ ಕೆಲವೆಡೆ ಅರ್ಧ ಪ್ಲೇಟು ಸಿಗುತ್ತದೆ. ‘ಮಿಸೀ ಮೆರೀದ’ ಎಂದು ಕೇಳಬೇಕು. ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಅದಕ್ಕೆ ಮುಂಚೆ ಹೋದವರಿಗೆ ಖಾಲಿ ಕುರ್ಚಿಗಳೇ ಕಣ್ಣಿಗೆ ಬಿದ್ದು ಒಂಟಿತನ ಇಮ್ಮಡಿಸುತ್ತದೆ.

ಇನ್ನೊಂದು ಎಚ್ಚರಿಕೆ. ಗ್ರೀಕರಲ್ಲಿ ‘ನೆ’ ಎಂದರೆ ಹೌದು. ‘ಓಹಿ’ ಎಂದರೆ ಇಲ್ಲ. ‘ಓಹಿ’ ಎನ್ನದೆ ಬರಿದೆ ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿದರೂ ಇಲ್ಲವೆಂದೇ ಅರ್ಥ. ಕನ್ನಡದ ‘ಓಹೋ’ ಎಂದು ಸಂತೋಷಪಟ್ಟು ಕಾದು ಕುಳಿತರೆ ಕೇಳಿದ ತಟ್ಟೆ ಬರುವುದೇ ಇಲ್ಲ.

ಮಧ್ಯಾಹ್ನದ ಬಳಿಕ ಕಾಫಿ. ಇಲ್ಲಿಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ 1926ರಲ್ಲಿ ಆರಂಭವಾಯಿತು. 1957ರ ಪ್ರದರ್ಶನದಲ್ಲಿ ಒಂದು ಮಳಿಗೆಯ ನೌಕರನಿಗೆ ಕಾಫಿ ಕುಡಿಯಬೇಕೆನಿಸಿತು, ಬಿಸಿನೀರು ಸಿಗಲಿಲ್ಲ. ಆತ ಕಾಫಿಪುಡಿಗೆ ತಣ್ಣೀರು ಹಾಕಿ ಕುಲುಕಿದನು. ನೊರೆನೊರೆಯಾದ ಆ ಪಾನೀಯವೇ ‘ಫ್ರಾಪೆ’ ಎಂಬ ಹೆಸರಿನಿಂದ ಗ್ರೀಸಿನಾದ್ಯಂತ ಹಬ್ಬಿತು. ಒಂದು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಎರಡು ಗಂಟೆ ಕಾಲ ಕುಳಿತರೂ ‘ಏಳಿ’ ಎನ್ನುವವರಿಲ್ಲ. ಒಂಟಿ ಯಾತ್ರಿಕರಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಯಾವುದು?

ಊರು ಸಮುದ್ರದಂಚಿನಲ್ಲಿ ಸಮತಟ್ಟಾಗಿರುವುದರಿಂದ ಕಾಲ್ನಡಿಗೆಯಲ್ಲಿಯೇ ಬಹುಪಾಲು ನೋಡಬಹುದು. ರೋಮನರ ರಾಜಮಾರ್ಗದ ಹೆಸರನ್ನು ಹೊತ್ತ ಎಗ್ನಾಟಿಯ ಬೀದಿಯ ಪಕ್ಕದಲ್ಲಿ ಗಲೇರಿಯಸ್ ಚಕ್ರವರ್ತಿಯ ವಿಜಯದ ಕಮಾನು ನಿಂತಿದೆ. ಇನ್ನೂ ಸ್ವಲ್ಪ ಮೇಲೆ ಅವನೇ ಕಟ್ಟಿಸಿದ ದುಂಡನೆಯ ರೊಟುಂಡ. 2024ರ ನವೆಂಬರ್ 30ರಂದು ಭೂಗತ ರೈಲೂ ಓಡತೊಡಗಿತು. ಅದಕ್ಕಾಗಿ ಅಗೆಯುವಾಗ ಹಳೆಯ ಕಾಲದ ಅಮೃತಶಿಲೆಯ ಬೀದಿ, ಅಂಗಡಿಸಾಲುಗಳು ಹೊರಬಿದ್ದು, ಕೆಲಸ ವರ್ಷಗಟ್ಟಲೆ ನಿಂತಿತು. ವೆನಿಜೆಲೂ ನಿಲ್ದಾಣದಲ್ಲಿ ಇಳಿದವರು ಆ ಬೀದಿಯನ್ನು ಕಂಡೇ ಮೇಲಕ್ಕೆ ಬರುತ್ತಾರೆ.

ಆದರೆ ಈ ಊರಿನ ಮೇಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಯಾರದೆಂದು ತಿಳಿಯದೆ ಅಲ್ಲಿಂದ ಮರಳಬಾರದು. 1492ರಲ್ಲಿ ಸ್ಪೇನಿನ ಅರಸರು ತಮ್ಮ ದೇಶದ ಯೆಹೂದ್ಯರನ್ನು ಹೊರಗಟ್ಟಿದಾಗ ತುರ್ಕಿಯ ಸುಲ್ತಾನನು ಅವರಿಗೆ ನೆಲೆ ಕೊಟ್ಟನು. ಸಾವಿರಾರು ಕುಟುಂಬಗಳು ಥೆಸಲೋನಿಕಿಗೆ ಬಂದುವು. ಬಹುಕಾಲ ಊರಿನ ಅತ್ಯಂತ ದೊಡ್ಡ ಸಮುದಾಯ ಅವರದೇ ಆಗಿತ್ತು. ಹಳೆಯ ಸ್ಪ್ಯಾನಿಷಿನಿಂದ ಬೆಳೆದ ಲಾದಿನೊ ಅವರ ಮನೆಮಾತು. ಬಂದರಿನ ಹಮಾಲರಿಂದ ಹಿಡಿದು ವರ್ತಕರವರೆಗೆ ಅವರೇ ತುಂಬಿದ್ದುದರಿಂದ ಶನಿವಾರ ಬಂದರಿಗೇ ರಜೆ. ಅಂದು ಒಲೆ ಹಚ್ಚಕೂಡದೆಂದು ಶುಕ್ರವಾರವೇ ಈರುಳ್ಳಿ ಸಿಪ್ಪೆಯೊಡನೆ ಮೊಟ್ಟೆಗಳನ್ನು ಒಲೆಯ ಮೇಲಿಟ್ಟು, ರಾತ್ರಿಯಿಡೀ ಕಾವಿನಲ್ಲಿ ಬೇಯಿಸುವುದು ಆ ಮನೆಗಳ ಪದ್ಧತಿ.

ಎರಡನೆಯ ಮಹಾಯುದ್ಧಕ್ಕೆ ಮುನ್ನ ಅವರ ಸಂಖ್ಯೆ ಸುಮಾರು 50,000. 1941ರಲ್ಲಿ ಜರ್ಮನ್ ನಾಜಿಗಳು ಊರನ್ನು ಹಿಡಿದರು. 1942ರ ಡಿಸೆಂಬರಿನಲ್ಲಿ ಯೆಹೂದ್ಯರ ಪ್ರಾಚೀನ ಸ್ಮಶಾನವನ್ನು ಅಗೆದು ನೆಲಸಮ ಮಾಡತೊಡಗಿದರು. 1943ರ ಮಾರ್ಚ್ 15ರಂದು ಮೊದಲ ರೈಲು ಔಷ್ವಿಟ್ಸಿಗೆ ಹೊರಟಿತು. ಆಗಸ್ಟಿನೊಳಗೆ 40,000ಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಅವರಲ್ಲಿ ಬಹುತೇಕರು ಮರಳಲಿಲ್ಲ. ಸ್ಮಶಾನವಿದ್ದ ನೆಲದ ಮೇಲೆ ಇಂದು ಅರಿಸ್ಟಾಟಲ್ ವಿಶ್ವವಿದ್ಯಾನಿಲಯವಿದೆ. 2014ರಲ್ಲಿ ಅಲ್ಲೊಂದು ಸ್ಮಾರಕವನ್ನು ನಿಲ್ಲಿಸಿದರು. ಮಾರುಕಟ್ಟೆಗೆ ತನ್ನ ಮನೆತನದ ಹೆಸರನ್ನು ಕೊಟ್ಟ ಮೋದಿಯಾನೊ ಸಹ ಯೆಹೂದ್ಯನೇ. ಅದೇ ಮಾರುಕಟ್ಟೆಯಿಂದ ನಾಲ್ಕು ಹೆಜ್ಜೆ ನಡೆದರೆ ಯೆಹೂದ್ಯ ವಸ್ತುಸಂಗ್ರಹಾಲಯ. ಒಡೆದ ಗೋರಿಕಲ್ಲುಗಳ ಪಕ್ಕದಲ್ಲಿ ಹಬ್ಬದುಡುಗೆಯ ಕುಟುಂಬಗಳ ಚಿತ್ರಗಳನ್ನು ಅಲ್ಲಿ ಕಾಣಬಹುದು. ಗುಂಪಿನೊಡನೆ ಹೋದವರು ಆ ಚಿತ್ರಗಳ ಮುಂದೆ ಅರ್ಧ ನಿಮಿಷ ನಿಂತಾರು. ಒಬ್ಬರೇ ಹೋದವರನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗಲು ಯಾರೂ ಇರುವುದಿಲ್ಲ. ಒಂಟಿ ಪ್ರಯಾಣದ ಲಾಭವೇನೆಂದು ಕೇಳುವವರಿಗೆ ಇದೊಂದು ಉತ್ತರ.

ಭಾರತೀಯರು ಕಾಣಬೇಕಾದ ಸ್ಥಳವೂ ಒಂದಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯೊಡನೆ ಇಲ್ಲಿಗೆ ಬಂದು, ಮರಳಿ ಊರು ಕಾಣದೆ ಹೋದ ನಮ್ಮ ಸೈನಿಕರಿಗಾಗಿ ಮೊನಾಸ್ಟೀರ್ ರಸ್ತೆಯಲ್ಲಿ ಭಾರತೀಯ ಸ್ಮಶಾನವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಗೆ ಒಂದು ಹಿಡಿ ಹೂ ಒಯ್ದರೆ ಯಾತ್ರೆ ಸಾರ್ಥಕ.

ಸಂಜೆಯಾದರೆ ಊರಿಗೆ ಊರೇ ಕಡಲ ದಂಡೆಗೆ ಬರುತ್ತದೆ. ಒಂದು ಕಾಲಕ್ಕೆ ಸೆರೆಮನೆಯಾಗಿದ್ದು ಈಗ ಊರಿನ ಗುರುತೇ ಆಗಿರುವ ಬಿಳಿಯ ಬುರುಜಿನಿಂದ ಮುಂದಕ್ಕೆ 3 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ವಿಹಾರಪಥವಿದೆ. ಆಗಸ ತಿಳಿಯಾಗಿದ್ದ ದಿನ ಕೊಲ್ಲಿಯ ಆಚೆಗೆ ಗ್ರೀಕ್ ದೇವತೆಗಳ ವಾಸಸ್ಥಾನವೆನಿಸಿದ ಒಲಿಂಪಸ್ ಪರ್ವತ ಕಾಣುತ್ತದೆ. ಅಜ್ಜಂದಿರು, ತಳ್ಳುಗಾಡಿಯ ಕೂಸುಗಳು, ವಿದ್ಯಾರ್ಥಿಗಳು ಹೊತ್ತು ಮೀರುವವರೆಗೂ ಓಡಾಡುತ್ತಿರುವುದರಿಂದ ಒಬ್ಬಳೇ ಬಂದ ಹೆಣ್ಣುಮಗಳಿಗೂ ಅಲ್ಲಿ ಜನಸಂಚಾರದ ಧೈರ್ಯವಿರುತ್ತದೆ. ಆದರೂ ಬಸ್ಸಿನ ನೂಕುನುಗ್ಗಲಿನಲ್ಲಿ ಕೈಚೀಲದ ಮೇಲೆ ಕೈಯಿರಲಿ. ತುರ್ತು ಸಹಾಯಕ್ಕೆ ಕರೆಯಬೇಕಾದ 112 ಎಂಬ ಸಂಖ್ಯೆ ನೆನಪಿನಲ್ಲಿರಲಿ. ನಡುರಾತ್ರಿಯ ನಿರ್ಜನ ಓಣಿಗಳ ಸಾಹಸ ಯಾವ ಊರಿನಲ್ಲಿಯೂ ಬೇಡ.

ಎರಡನೆಯ ಅಥವಾ ಮೂರನೆಯ ರಾತ್ರಿಯ ಹೊತ್ತಿಗೆ ‘ಎನಾ ಆತೊಮೊ’ ಎನ್ನಲು ನಾಲಗೆ ತಡವರಿಸುವುದಿಲ್ಲ. ಮಾಣಿ ಎದುರಿನ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಾನೆ. ರೊಟ್ಟಿ, ನೀರು ತಂದಿಡುತ್ತಾನೆ. ಊಟ ಮುಗಿದ ಮೇಲೆ ಕೇಳದಿದ್ದರೂ ಒಂದು ಚೂರು ಹಲ್ವವೋ, ಹೆಚ್ಚಿದ ಹಣ್ಣೋ ಬರುವುದುಂಟು. ಅದಕ್ಕೆ ಬೆಲೆಯಿಲ್ಲ. ‘ಕೆರಾಸ್ಮ’ ಎಂದು ಅದರ ಹೆಸರು. ಮನೆಯವರ ಉಪಚಾರ ಎನ್ನಬಹುದು. ಅಪರಿಚಿತನಿಗೂ ಅತಿಥಿಗೂ ಗ್ರೀಕರಲ್ಲಿ ‘ಕ್ಸೆನೋಸ್’ ಎಂಬ ಒಂದೇ ಪದವಿರುವುದು ಸುಮ್ಮನೆ ಅಲ್ಲ.

ಬೇಸಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಊಟ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ನಡುರಾತ್ರಿ ದಾಟಿರುತ್ತದೆ. ಆದರೂ ಮನೆಯಲ್ಲಿ ತಾಯಿ ನಿದ್ರಿಸದೆ ಫೋನಿಗಾಗಿ ಕಾದಿರುತ್ತಾಳೆ. ‘ಊಟ ಆಯಿತೇ? ಜೊತೆಗೆ ಯಾರಿದ್ದರು?’ ಎಂದು ಕೇಳುತ್ತಾಳೆ. ಮೊದಲನೆಯದಕ್ಕೆ ‘ಆಯಿತಮ್ಮ’ ಎಂಬ ಒಂದು ಮಾತು ಸಾಕು. ಎರಡನೆಯದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯದು. ಊರು ಬಿಟ್ಟು ಬಂದವರು, ಊರು ಬಿಟ್ಟು ಹೋದವರು, ಮರಳಿ ಬಾರದವರು ಎಲ್ಲರ ಕೈಯಡಿಗೆಯನ್ನೂ ಉಂಡಾಗಿದೆ. ಅದನ್ನು ಮನೆಗೆ ಬಂದ ಮೇಲೆ, ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕುಳಿತಾಗ ನಿಧಾನವಾಗಿ ಹೇಳಬೇಕು.